ಟೇಪಿಗೂ ಒಂದು ಅಕ್ಸೆಷನ್ ನಂಬರ್

ಹಾಸನದಲ್ಲಿ ಸುತ್ತಮುತ್ತಲ ಕಾಲೇಜುಗಳ ಗ್ರಂಥಪಾಲಕರು ಒಂದು ದಿನ ಸೇರಿದ್ದರು. ಲೈಬ್ರರಿಯ ಕಂಪ್ಯೂಟರ್ ದಾಖಲೆಗಳ ಬ್ಯಾಕಪ್ ಟೇಪುಗಳನ್ನು ಹೇಗೆ ಸುತ್ತಿಸಬೇಕು, ಎಲ್ಲಿ ಇಡಬೇಕು ಅನ್ನುವ ಬಗ್ಗೆ ಅಲ್ಲಿ ನಾನು ಆಡಿದ ಮಾತು ಇದು. ಪ್ರೊಜೆಕ್ಟರ್ ಕೈಕೊಟ್ಟಿದ್ದರಿಂದ ತೋರಿಸಲಾಗದ ಲೆಕ್ಕಗಳನ್ನು ಇಲ್ಲಿ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಹಾಕಿದ್ದೇನೆ.

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚಿನ ಹೊತ್ತು ನನಗೆ ಕೊಟ್ಟಿದ್ದಾರೆ, ಹಿಂದಿನ ಬಾಗಿಲಿಂದ ಆಗಲೇ ಒಗ್ಗರಣೆ ವಾಸನೆ ಬರುತ್ತಿದೆ, ಹಾಗಾಗಿ ಪೀಠಿಕೆ ಬೇಡ. ನನ್ನ ಕೈಯಲ್ಲೇ ಆದ ಒಂದು ಎಡವಟ್ಟಿನಿಂದ ಶುರು ಮಾಡುತ್ತೇನೆ.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ನಾನು ಒಂದು ಕಾಲೇಜಿನಲ್ಲಿ ಸಿಸ್ಟಮ್ ನೋಡಿಕೊಳ್ಳುತ್ತಿದ್ದೆ. ಲೈಬ್ರರಿ ಸರ್ವರ್‌ನಲ್ಲಿ ಒಂದು ಡ್ಯಾಟ್ ಟೇಪ್ ಡ್ರೈವ್ ಇತ್ತು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಕ್ಯಾಸೆಟ್, ಒಂದರಲ್ಲಿ 36 ಜಿಬಿ ಹಿಡಿಯುತ್ತಿತ್ತು. ಐದು ಟೇಪ್ ಇದ್ದವು. ಸೋಮ, ಮಂಗಳ, ಬುಧ, ಗುರು, ಶುಕ್ರ ಅಂತ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದೆ. ದಿನಾ ಸಂಜೆ ಅಟೆಂಡರ್ ಅವತ್ತಿನ ಟೇಪ್ ಹಾಕಿ ಹೋಗುತ್ತಿದ್ದರು, ರಾತ್ರಿ ಬ್ಯಾಕಪ್ ಆಗುತ್ತಿತ್ತು, ಬೆಳಿಗ್ಗೆ ಪರದೆಯ ಮೇಲೆ ಹಸಿರು ಟಿಕ್ ಮಾರ್ಕ್. ನನಗೆ ಅದನ್ನು ನೋಡಿದರೆ ಕಾಫಿ ಕುಡಿದಷ್ಟು ಖುಷಿ.

ಮೇ ತಿಂಗಳಲ್ಲಿ ಸ್ಟಾಕ್ ವೆರಿಫಿಕೇಷನ್. ಪುಸ್ತಕಗಳ ಬಾರ್‌ಕೋಡ್ ಸ್ಕ್ಯಾನ್ ಮಾಡಿ, ಸ್ಕ್ಯಾನ್ ಆಗದೆ ಉಳಿದದ್ದರ ಪಟ್ಟಿ ತೆಗೆದು, ಅವಕ್ಕೆ ‘ಕಾಣೆಯಾಗಿದೆ’ ಅಂತ ಗುರುತು ಹಾಕಬೇಕಿತ್ತು. ಹಾಕುವ ಬದಲು ಯಾರೋ ಆ ಪಟ್ಟಿಯಲ್ಲಿದ್ದ ಪುಸ್ತಕಗಳ ದಾಖಲೆಗಳನ್ನೇ ಡಿಲೀಟ್ ಮಾಡಿದರು. ಅದೂ ಹೋಗಲಿ, ಕಿಟಕಿ ಪಕ್ಕದ ನಾಲ್ಕು ರ್‍ಯಾಕ್‌ಗಳನ್ನು ಅಷ್ಟರಲ್ಲಿ ಸ್ಕ್ಯಾನೇ ಮಾಡಿರಲಿಲ್ಲ. ರಜೆ ಬೇರೆ, ಯಾರಿಗೂ ಗೊತ್ತಾಗಲಿಲ್ಲ. ಜುಲೈನಲ್ಲಿ ಒಬ್ಬ ಹುಡುಗ ಪುಸ್ತಕ ಹಿಡಿದುಕೊಂಡು ಕೌಂಟರಿಗೆ ಬಂದ. ಪುಸ್ತಕ ಅವನ ಕೈಯಲ್ಲಿದೆ, ಕಂಪ್ಯೂಟರ್ ಮಾತ್ರ ಇಂಥ ಪುಸ್ತಕವೇ ಇಲ್ಲ ಅನ್ನುತ್ತಿದೆ.

ನಾನು ಧೈರ್ಯವಾಗಿದ್ದೆ. ಬ್ಯಾಕಪ್ ಇದೆಯಲ್ಲ ಮೇಡಂ, ಅರ್ಧ ಗಂಟೆ ಕೊಡಿ ಅಂದೆ. ಸೋಮವಾರದ ಟೇಪ್ ಹಾಕಿದೆ, ಇಲ್ಲ. ಮಂಗಳವಾರದ್ದು, ಇಲ್ಲ. ಶುಕ್ರವಾರದ್ದಕ್ಕೆ ಬರುವಷ್ಟರಲ್ಲಿ ನನಗೆ ಬೆವರು. ಮೇ ತಿಂಗಳಿಂದ ಜುಲೈವರೆಗೆ ಪ್ರತಿ ಟೇಪಿನ ಮೇಲೂ ಏಳೆಂಟು ಸಲ ಹೊಸದಾಗಿ ಬರೆದಾಗಿತ್ತು. ಐದು ಟೇಪಿನಲ್ಲೂ ಅಚ್ಚುಕಟ್ಟಾಗಿ, ಒಂದೂ ಎರರ್ ಇಲ್ಲದೆ, ಆ ತಪ್ಪೇ ಬ್ಯಾಕಪ್ ಆಗಿ ಕೂತಿತ್ತು.

ಕಾಪಾಡಿದ್ದು ಅಕೌಂಟ್ಸ್ ಸೆಕ್ಷನ್ನಿನ ಮೇಡಂ. ಆಡಿಟ್‌ಗೆ ಬೇಕಾಗುತ್ತೆ ಅಂತ ಮಾರ್ಚ್ 31ರ ರಾತ್ರಿಯದ್ದೊಂದು ಟೇಪನ್ನು ಕೇಳಿ ತೆಗೆದುಕೊಂಡು ತಮ್ಮ ಬೀರುವಿನಲ್ಲಿ ಇಟ್ಟು ಮರೆತಿದ್ದರು. ಅದನ್ನು ಬೇರೆ ಮೆಷಿನ್ನಿನಲ್ಲಿ ರಿಸ್ಟೋರ್ ಮಾಡಿ, ಅಳಿಸಿಹೋಗಿದ್ದ ದಾಖಲೆಗಳನ್ನಷ್ಟೇ ಹೊರಗೆ ತೆಗೆದು, ಏಪ್ರಿಲ್ ಆದಮೇಲೆ ಬಂದ ಪುಸ್ತಕಗಳನ್ನು ಕೈಬರಹದ ಅಕ್ಸೆಷನ್ ರಿಜಿಸ್ಟರ್, ಅಂದರೆ ಬಂದ ಪ್ರತಿ ಪುಸ್ತಕಕ್ಕೂ ಒಂದು ನಂಬರ್ ಕೊಟ್ಟು ಬರೆದಿಡುವ ದಪ್ಪ ಪುಸ್ತಕ, ನೋಡಿ ಮತ್ತೆ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಹತ್ತು ದಿನ ಹಿಡಿಯಿತು. ಆ ರಿಜಿಸ್ಟರ್ ಇನ್ನು ಯಾಕೆ, ಎಲ್ಲ ಕಂಪ್ಯೂಟರ್ ಆಯ್ತಲ್ಲ ಅಂತ ಅದಕ್ಕೂ ಮುಂಚೆ ಒಮ್ಮೆ ಮೀಟಿಂಗ್‌ನಲ್ಲಿ ಹೇಳಿದವನು ನಾನೇ.

ನನ್ನ ಹತ್ತಿರ ಐದು ಟೇಪ್ ಇತ್ತು, ಆದರೆ ಇದ್ದದ್ದು ಒಂದು ವಾರದ ನೆನಪು ಮಾತ್ರ. ಟೇಪುಗಳನ್ನು ಸರದಿಯಲ್ಲಿ ಬಳಸುವ ಈ ಟೇಪ್ ರೊಟೇಷನ್ ಅಂದರೆ ಎಷ್ಟು ಪ್ರತಿ ಇದೆ ಅನ್ನುವ ಲೆಕ್ಕ ಅಲ್ಲ, ಎಷ್ಟು ಹಿಂದಕ್ಕೆ ಹೋಗಬಹುದು ಅನ್ನುವ ಲೆಕ್ಕ. ಡಿಸ್ಕ್ ಸತ್ತರೆ ಅವತ್ತೇ ಗೊತ್ತಾಗುತ್ತೆ, ಅದಕ್ಕೆ ನಿನ್ನೆಯ ಟೇಪ್ ಸಾಕು. ಲೈಬ್ರರಿಯಲ್ಲಿ ಜಾಸ್ತಿ ಆಗುವುದು ಆ ಥರದ್ದಲ್ಲ. ಯಾರೋ ತಪ್ಪು ಒತ್ತಿರುತ್ತಾರೆ, ಅದು ಗೊತ್ತಾಗುವುದು ಸೆಮಿಸ್ಟರ್ ಶುರುವಾದ ಮೇಲೆ.

ಇದಕ್ಕೆ ಹಳೆಯ ಉಪಾಯ ಒಂದಿದೆ, ಅಜ್ಜ ಅಪ್ಪ ಮಗ ಅನ್ನುತ್ತಾರೆ. ದಿನದ ಟೇಪ್ ಮಗ, ವಾರದ್ದು ಅಪ್ಪ, ತಿಂಗಳದ್ದು ಅಜ್ಜ. ಪುಸ್ತಕದಲ್ಲಿ ಸೋಮವಾರದಿಂದ ಗುರುವಾರಕ್ಕೆ ನಾಲ್ಕು ಮಗ ಅಂತ ಇರುತ್ತೆ, ನಮ್ಮಲ್ಲಿ ಶನಿವಾರ ಅರ್ಧ ದಿನ ಕಾಲೇಜು ಇರುತ್ತಲ್ಲ, ಅದಕ್ಕೆ ನಾನು ಸೋಮವಾರದಿಂದ ಶುಕ್ರವಾರಕ್ಕೆ ಐದು ಇಟ್ಟುಕೊಂಡೆ. ಶನಿವಾರಕ್ಕೆ ಅಪ್ಪ. ತಿಂಗಳ ಕೊನೆಯ ಶನಿವಾರ ಅಜ್ಜನದು. ತಿಂಗಳಲ್ಲಿ ಐದು ಶನಿವಾರ ಬಂದರೂ ಕೊನೆಯದು ಅಜ್ಜನಿಗೆ ಹೋಗುವುದರಿಂದ ಅಪ್ಪ ನಾಲ್ಕು ಸಾಕು. ಅಜ್ಜ ಹನ್ನೆರಡು. ಒಟ್ಟು 21. ಮಗನ ಮೇಲೆ ವಾರಕ್ಕೊಮ್ಮೆ ಬರೆಯುತ್ತೇವೆ, ಅಪ್ಪನ ಮೇಲೆ ತಿಂಗಳಿಗೊಮ್ಮೆ, ಅಜ್ಜನ ಮೇಲೆ ವರ್ಷಕ್ಕೊಮ್ಮೆ. ಐದು ಟೇಪಿಗೆ ಒಂದು ವಾರ ಹಿಂದೆ ಹೋಗುತ್ತಿದ್ದವನು 21 ಟೇಪಿಗೆ ಒಂದು ವರ್ಷ ಹಿಂದೆ ಹೋಗುತ್ತೀನಿ. ಸುಮ್ನೆ 21 ದಿನಕ್ಕೆ 21 ಟೇಪ್ ಸುತ್ತಿಸಿದ್ದರೆ ನನ್ನ ಜುಲೈ ಹುಡುಗನಿಗೆ ಏನೂ ಉಪಯೋಗ ಆಗುತ್ತಿರಲಿಲ್ಲ.

ಇದರ ಮೇಲೆ ಲೈಬ್ರರಿಗೇ ಬೇಕಾದ ಎರಡು ಮೂರು ಟೇಪ್ ಇವೆ, ಅವನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಸ್ಟಾಕ್ ವೆರಿಫಿಕೇಷನ್ ಶುರುವಾಗುವ ಹಿಂದಿನ ರಾತ್ರಿ ಒಂದು. ಮುಗಿದ ಮೇಲೆ ಒಂದು. ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡುವ ಮುಂಚೆ ಒಂದು. ಮುಂದಿನ ವರ್ಷ ಅದೇ ಕೆಲಸ ಮತ್ತೆ ಆಗುವ ತನಕ ಇವನ್ನು ಮುಟ್ಟಬಾರದು.

ಇನ್ನು ಟೇಪೇ ಬೇಕಾ? ನಿಜ ಹೇಳಬೇಕು ಅಂದರೆ ಇಲ್ಲಿ ಕೂತಿರುವ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಬೇಡ. ಕ್ಯಾಟಲಾಗ್, ಸದಸ್ಯರು, ಇಶ್ಯೂ ರಿಟರ್ನ್ ಎಲ್ಲ ಸೇರಿ ಒಂದು ಕಾಲೇಜಿನ ಡೇಟಾಬೇಸ್ ಡಂಪ್, ಅಂದರೆ ಇಡೀ ಡೇಟಾಬೇಸನ್ನು ಫೈಲಿಗೆ ಸುರಿದುಕೊಂಡ ಪ್ರತಿ, ಪೆನ್‌ಡ್ರೈವ್‌ನಲ್ಲಿ ಹಿಡಿಯುತ್ತೆ. ಅದಕ್ಕೆ ಲಕ್ಷಗಟ್ಟಲೆ ಕೊಟ್ಟು ಟೇಪ್ ಡ್ರೈವ್ ತಂದರೆ ನೊಣ ಹೊಡೆಯಲು ಕೋವಿ ತಂದ ಹಾಗೆ. ಹೊರಗೆ ಸಿಕ್ಕಿಸುವ ಹಾರ್ಡ್‌ಡಿಸ್ಕ್ ಕೆಲವು ತೆಗೆದುಕೊಂಡು ಇದೇ ಅಜ್ಜ ಅಪ್ಪ ಮಗನ ಕ್ರಮದಲ್ಲಿ ಸುತ್ತಿಸಿ. ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಅದಕ್ಕೂ ಅನ್ವಯಿಸುತ್ತೆ.

ಟೇಪ್ ಬೇಕಾಗುವುದು ಸ್ಕ್ಯಾನಿಂಗ್ ಶುರು ಮಾಡಿದವರಿಗೆ. ಎ-4 ಅಳತೆಯ ಒಂದು ಪುಟವನ್ನು 300 ಡಿಪಿಐನಲ್ಲಿ ಬಣ್ಣದಲ್ಲಿ, ಕುಗ್ಗಿಸದೆ ಇಟ್ಟರೆ 26 ಎಂಬಿ. ಮುನ್ನೂರು ಪುಟದ ಪುಸ್ತಕ ಸುಮಾರು 8 ಜಿಬಿ. ಅಂಥ ಸಾವಿರ ಪುಸ್ತಕ ಅಂದರೆ 8 ಟಿಬಿ. ಹಳೆಯ ಪ್ರಬಂಧ, ಪತ್ರಿಕೆಯ ಹಳೆ ಸಂಪುಟ, ತಾಳೆಗರಿ ಅಂತ ಕೈ ಹಾಕಿದಿರೋ ಆಗ ಇಪ್ಪತ್ತೊಂದು ಹಾರ್ಡ್‌ಡಿಸ್ಕ್ ಹೊತ್ತುಕೊಂಡು ತಿರುಗುವ ಬದಲು ಟೇಪೇ ಅಗ್ಗ. ಈಗಿನದು ಎಲ್‌ಟಿಒ ಅನ್ನುವ ಟೇಪ್. 2000ನೇ ಇಸವಿಯಲ್ಲಿ ಮೊದಲ ತಲೆಮಾರು ಬಂದಾಗ 100 ಜಿಬಿ, ಎಂಟನೆಯದು 12 ಟಿಬಿ, ಒಂಬತ್ತನೆಯದು 18 ಟಿಬಿ. ಅಂಗೈಯಗಲದ ಡಬ್ಬಿ, ಒಳಗೆ ಅರ್ಧ ಇಂಚಿನ ಪಟ್ಟಿ. ಎಂಟನೆಯದರಲ್ಲಿ ಆ ಪಟ್ಟಿಯ ಉದ್ದ 960 ಮೀಟರ್, ಹೆಚ್ಚುಕಡಿಮೆ ಒಂದು ಕಿಲೋಮೀಟರ್.

ಕೊಳ್ಳುವಾಗ ಎರಡು ಕಡೆ ಎಡವುತ್ತಾರೆ. ಎಂಟನೆಯ ತಲೆಮಾರಿನ ಡಬ್ಬಿಯ ಮೇಲೆ 30 ಟಿಬಿ ಅಂತ ದಪ್ಪಕ್ಷರದಲ್ಲಿ ಇರುತ್ತೆ, ಒಳಗೆ ಹಿಡಿಯುವುದು 12. ಡೇಟಾ ಎರಡೂವರೆ ಪಟ್ಟು ಕುಗ್ಗುತ್ತೆ ಅಂತ ಅವರೇ ಅಂದುಕೊಂಡು ಬರೆದ ಲೆಕ್ಕ ಅದು. ನಮ್ಮ ಪಿಡಿಎಫ್, ಜೆಪೆಗ್ ಎಲ್ಲ ಮೊದಲೇ ಕುಗ್ಗಿದ ಫೈಲು, ಇನ್ನೇನು ಕುಗ್ಗುತ್ತೆ? ಹಿಂಡಿದ ನಿಂಬೆಹಣ್ಣು ಮತ್ತೆ ಹಿಂಡಿದ ಹಾಗೆ. ಕೊಟೇಷನ್‌ನಲ್ಲಿ ಚಿಕ್ಕ ಸಂಖ್ಯೆ ಯಾವುದೋ ಅದನ್ನೇ ನಂಬಿ.

ಎರಡನೆಯದು ತಲೆಮಾರಿನ ಜಗಳ. ಏಳನೆಯ ತಲೆಮಾರಿನವರೆಗೆ ಒಂದು ಡ್ರೈವ್ ತನ್ನ ಹಿಂದಿನ ಎರಡು ತಲೆಮಾರಿನ ಟೇಪ್ ಓದುತ್ತಿತ್ತು. ಎಂಟನೆಯದು, ಒಂಬತ್ತನೆಯದು ಹಿಂದಿನ ಒಂದನ್ನು ಮಾತ್ರ ಓದುತ್ತವೆ. ಅಂದರೆ ಆರನೇ ತಲೆಮಾರಿನ ಟೇಪಿನಲ್ಲಿ ಎಲ್ಲ ತುಂಬಿಸಿಟ್ಟವರು ಡ್ರೈವ್ ಕೆಟ್ಟಿತು ಅಂತ ಎಂಟನೆಯದು ತಂದರೆ ಅದು ಹಳೆಯ ಟೇಪನ್ನು ಮೂಸಿಯೂ ನೋಡುವುದಿಲ್ಲ. ಟೇಪ್ ಮೂವತ್ತು ವರ್ಷ ಬಾಳುತ್ತೆ ಅಂತ ಕಂಪನಿಯವರು ಹೇಳುತ್ತಾರೆ. ಬಾಳಬಹುದು, ಅದನ್ನು ಓದುವ ಯಂತ್ರ ಅಷ್ಟು ವರ್ಷ ಎಲ್ಲಿ ಸಿಗುತ್ತೆ? ಹಾಗಾಗಿ ಡ್ರೈವ್ ಬದಲಿಸುವ ವರ್ಷವೇ ಹಳೆ ಟೇಪಿನದ್ದೆಲ್ಲ ಹೊಸದಕ್ಕೆ ನಕಲು ಮಾಡುವ ಕೆಲಸಕ್ಕೂ ದುಡ್ಡು ಕೇಳಿಕೊಳ್ಳಿ. ಆಮೇಲೆ ಕೇಳಿದರೆ ಕೊಡುವುದಿಲ್ಲ.

ಟೇಪಿನ ನಿಜವಾದ ಗುಣ ಏನು ಗೊತ್ತಾ? ಬೀರುವಿನಲ್ಲಿ ಇಟ್ಟಾಗ ಅದು ಯಾವುದಕ್ಕೂ ಅಂಟಿಕೊಂಡಿರುವುದಿಲ್ಲ. 2011ರ ಫೆಬ್ರುವರಿಯಲ್ಲಿ ಗೂಗಲ್‌ನವರ ಸಾಫ್ಟ್‌ವೇರ್ ದೋಷದಿಂದ ಜಿಮೇಲ್ ಬಳಸುವವರಲ್ಲಿ ಶೇ. 0.02ರಷ್ಟು ಜನರ ಮೇಲ್ ಮಾಯವಾಯಿತು. ಅವರ ಹತ್ತಿರ ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿ ಪ್ರತಿಗಳಿದ್ದವು, ದೋಷ ಅಲ್ಲಿಗೂ ಹೋಗಿತ್ತು. ಕೊನೆಗೆ ವಾಪಸ್ ತಂದದ್ದು ಟೇಪಿನಿಂದ. ಗೂಗಲ್‌ಗೇ ಟೇಪ್ ಬೇಕಾಯಿತು ಅಂದರೆ ನಮ್ಮ ಪಾಡೇನು, ಅಲ್ವಾ?

ಲೈಬ್ರರಿಯವರಿಗೆ ಇನ್ನೂ ಹತ್ತಿರದ್ದು ಬ್ರಿಟಿಷ್ ಲೈಬ್ರರಿಯ ಕಥೆ. 2023ರ ಅಕ್ಟೋಬರ್ 28ರಂದು ಅಲ್ಲಿಗೆ, ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ರ್‍ಯಾನ್ಸಮ್‌ವೇರ್ ಹೊಕ್ಕಿತು. ಸುಮಾರು 600 ಜಿಬಿ ಕದ್ದು ಹೊರಗೆ ಹಾಕಿದರು. ಓದುಗರು ಕ್ಯಾಟಲಾಗ್ ಹುಡುಕುವಂತಾಗಿದ್ದು 2024ರ ಜನವರಿ 15ಕ್ಕೆ, ಅದೂ ಬರೀ ನೋಡುವುದಕ್ಕೆ. ಆಮೇಲೆ ಅವರೇ ಒಂದು ವರದಿ ಬರೆದು ಎಲ್ಲರ ಮುಂದಿಟ್ಟರು, ಅದು ದೊಡ್ಡ ಗುಣ. ಡಿಜಿಟಲ್ ಸಂಗ್ರಹದ ಪ್ರತಿಗಳು ಭದ್ರವಾಗಿಯೇ ಇದ್ದವಂತೆ. ಆದರೆ ಅವನ್ನು ಇಳಿಸಲು ಸರ್ವರ್‌ಗಳೇ ಉಳಿದಿರಲಿಲ್ಲ. ಅಕ್ಕಿ ಮೂಟೆ ಇದೆ, ಬೇಯಿಸುವ ಪಾತ್ರೆ ಇಲ್ಲ. ನಿಮ್ಮಲ್ಲಿ ಸರ್ವರ್ ಸುಟ್ಟರೆ ಟೇಪನ್ನು ಯಾವ ಮೆಷಿನ್ನಿಗೆ ಇಳಿಸುತ್ತೀರಿ ಅನ್ನುವುದು ಈಗಲೇ ಗೊತ್ತಿರಲಿ. ಲ್ಯಾಬಿನ ಒಂದು ಡೆಸ್ಕ್‌ಟಾಪ್ ಆದರೂ ಸರಿ.

ಈಗ ಊರ ಹೊರಗೆ ಇಡುವ ವಿಷಯ. ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ನೀವೆಲ್ಲ ಹೋಗಿರುತ್ತೀರಿ. ಕ್ರಿ.ಶ. 450ರ ಆಸುಪಾಸಿನ ಕಲ್ಲು, 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಬೆಳಕಿಗೆ ತಂದದ್ದು. ಊರಿನಲ್ಲಿ ನಾವು ನಿಂತು ಫೋಟೊ ತೆಗೆಸಿಕೊಳ್ಳುವುದು ಫೈಬರ್ ಗ್ಲಾಸಿನ ಪ್ರತಿ. ಮೂಲ ಬೇರೆ ಕಡೆ ಭದ್ರವಾಗಿದೆ. ನಮ್ಮದು ಅದರ ಉಲ್ಟಾ, ಬಳಸುವ ಮೂಲ ಇಲ್ಲಿ, ಪ್ರತಿ ಅಲ್ಲಿ. ಲೆಕ್ಕ ಮಾತ್ರ ಒಂದೇ, ಎರಡೂ ಒಂದೇ ಸೂರಿನಡಿ ಇರಬಾರದು. ನಾನು ನೋಡಿದ ಎಷ್ಟೋ ಕಡೆ ಟೇಪ್ ಇರುವುದು ಸರ್ವರ್‌ನ ನೆತ್ತಿಯ ಮೇಲೆ. ಬೆಂಕಿ ಬಿದ್ದರೆ ಇಬ್ಬರೂ ಜೊತೆಗೇ ಹೋಗುತ್ತಾರೆ. ಕೋಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರ್ ಹಾಕಿಕೊಂಡವರು ಇನ್ನೊಂದು ನೋಡಿಕೊಳ್ಳಿ. ಡೆಬಿಯನ್ ಲಿನಕ್ಸಿನ ಪ್ಯಾಕೇಜಿನಿಂದ ಹಾಕಿದ್ದರೆ ಅದು ದಿನಾ ರಾತ್ರಿ ತಾನೇ ಡಂಪ್ ತೆಗೆಯುತ್ತೆ, ಎಲ್ಲರೂ ಅದನ್ನೇ ಬ್ಯಾಕಪ್ ಅಂದುಕೊಂಡಿರುತ್ತಾರೆ. ಅದು ಕೂತಿರುವುದು ಅದೇ ಸರ್ವರ್‌ನಲ್ಲಿ, ಕೆಲವೇ ದಿನ ಇಟ್ಟುಕೊಂಡು ಹಳೆಯದನ್ನು ತಾನೇ ಅಳಿಸುತ್ತೆ. ಅದು ಟೇಪಿಗೆ ಹೋಗಬೇಕಾದ ಸಾಮಾನು, ಟೇಪಿನ ಬದಲಿ ಅಲ್ಲ.

ಎಲ್ಲಿ ಇಡಬೇಕು? ನಮ್ಮ ಜಿಲ್ಲೆಗೆ ಒಂದು ಅನುಕೂಲ ಇದೆ. ಒಂದು ಕಡೆ ಸಕಲೇಶಪುರ, ಇನ್ನೊಂದು ಕಡೆ ಅರಸೀಕೆರೆ. ಅಲ್ಲಿ ಮಳೆ ನಿಲ್ಲೋದೇ ಇಲ್ಲ, ಇಲ್ಲಿ ಬರೋದೇ ಇಲ್ಲ. ಟೇಪ್ ದೀರ್ಘ ಕಾಲ ಇರಬೇಕಾದರೆ 16ರಿಂದ 25 ಡಿಗ್ರಿ ಸೆಲ್ಸಿಯಸ್, ಗಾಳಿಯ ತೇವ ಶೇ. 20ರಿಂದ 50 ಇರಬೇಕು ಅನ್ನುತ್ತಾರೆ ತಯಾರಿಸುವವರು. ಬೇಸಿಗೆ ಬಿಟ್ಟರೆ ಡಿಗ್ರಿ ನಮಗೆ ಅಷ್ಟು ತೊಂದರೆ ಇಲ್ಲ, ಹಾಸನದ ಹವೆಗೆ ದೇವರು ಎಸಿ ಹಾಕಿಯೇ ಕೊಟ್ಟಿದ್ದಾನೆ. ತೇವವೇ ಶತ್ರು. ಜುಲೈನಲ್ಲಿ ಮಲೆನಾಡಿನ ಮನೆಯಲ್ಲಿ ಉಪ್ಪಿನ ಡಬ್ಬಿ ನೀರೊಡೆಯುತ್ತೆ, ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತೆ, ಹಳೆ ಹಾಡಿನ ಕ್ಯಾಸೆಟ್‌ಗಳ ಅಂಚಿಗೆ ಬಿಳಿ ಬೂಷ್ಟು ಕೂತಿದ್ದು ನೀವೇ ನೋಡಿದ್ದೀರಿ. ಟೇಪಿನ ಮೇಲೆ ಕಾಂತದ ಪುಡಿಯನ್ನು ಹಿಡಿದಿಡುವ ಒಂದು ಅಂಟು ಇರುತ್ತೆ, ಅದು ವರ್ಷಗಟ್ಟಲೆ ತೇವ ಹೀರಿದರೆ ಕೆಡುತ್ತೆ. ಕಾಫಿ ಬೀಜದ ತೇವ ಶೇ. 10, 11ಕ್ಕೆ ಇಳಿಯದೆ ಮೂಟೆ ಕಟ್ಟದ ಜನ ನಾವು, ಟೇಪಿನ ಬೀರುವಿಗೆ ಒಂದು ತೇವ ಅಳೆಯುವ ಮೀಟರ್ ಇಡಲು ಜಿಪುಣತನ ಮಾಡುತ್ತೇವೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಬಣ್ಣ ತಿರುಗಿದರೆ ಬದಲಿಸುವುದು, ಇಷ್ಟೇ.

ದೂರದ ಲೆಕ್ಕಕ್ಕೆ ಬಂದರೆ, ಪಕ್ಕದ ಬ್ಲಾಕ್ ಬೆಂಕಿಗೆ ಸಾಕು, ಸಿಡಿಲಿಗೆ ಸಾಲದು. ಊರಿನ ಇನ್ನೊಂದು ತುದಿ ಮೇಲು. ಅರಸೀಕೆರೆ ನಲವತ್ತು ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ, ಬಸ್ಸಿದೆ, ರೈಲಿದೆ, ಗಾಳಿ ಒಣ, ನನಗೆ ಅದೇ ಇಷ್ಟ. ಮಂಗಳೂರಿನಲ್ಲಿ ನಮ್ಮದೇ ಸಂಸ್ಥೆಯ ಕಾಲೇಜಿದೆ, ಅಲ್ಲಿ ಇಡೋಣ ಅಂತ ಒಬ್ಬರು ಹೇಳಿದ್ದರು. 2018ರ ಆಗಸ್ಟಿನಲ್ಲಿ ಸಕಲೇಶಪುರದ ಕೆಳಗೆ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ, ರೈಲು ಎರಡೂ ಬಂದ್ ಆಗಿದ್ದು ನೆನಪಿದೆ ತಾನೆ? ಅಲ್ಲಿ ಉಪ್ಪು ಗಾಳಿ ಬೇರೆ. ಟೇಪ್ ಕಳಿಸುವ ದಿನ ದಾರಿ ಇದ್ದೇ ಇರುತ್ತೆ. ವಾಪಸ್ ಬೇಕಾಗುವ ದಿನವೂ ಇರಬೇಕು.

ಬ್ಯಾಂಕ್ ಲಾಕರ್ ಚೆನ್ನಾಗಿದೆ. ಎಲ್‌ಟಿಒ ಡಬ್ಬಿ ಹತ್ತೂವರೆ ಸೆಂಟಿಮೀಟರ್ ಉದ್ದ, ಹತ್ತು ಅಗಲ, ಎರಡಕ್ಕಿಂತ ಸ್ವಲ್ಪ ದಪ್ಪ, ಚಿಕ್ಕ ಲಾಕರಿನಲ್ಲೇ ಹನ್ನೆರಡು ಅಜ್ಜಂದಿರು ಆರಾಮಾಗಿ ಕೂರುತ್ತಾರೆ. ಆದರೆ ಲಾಕರ್ ಸಂಸ್ಥೆಯ ಹೆಸರಿನಲ್ಲಿರಲಿ, ಆಡಳಿತ ಮಂಡಳಿಯ ಠರಾವು ಇರಲಿ. ಪ್ರಾಂಶುಪಾಲರು ತಮ್ಮ ಹೆಸರಿಗೆ ತೆಗೆದುಕೊಂಡು, ಆಮೇಲೆ ವರ್ಗವಾಗಿ, ಬೀಗದ ಕೈ ಅವರ ಮನೆಯ ಡ್ರಾಯರಿನಲ್ಲಿ ಉಳಿದ ಕಥೆ ನನಗೆ ಎರಡು ಗೊತ್ತು. ಇನ್ನೊಂದು, ಎರಡನೇ ಶನಿವಾರ, ನಾಲ್ಕನೇ ಶನಿವಾರ ಬ್ಯಾಂಕ್ ಇಲ್ಲ. ಶುಕ್ರವಾರ ರಾತ್ರಿ ಸರ್ವರ್ ಬಿದ್ದರೆ ಸೋಮವಾರ ಬೆಳಿಗ್ಗೆವರೆಗೆ ಲಾಕರಿನ ಬಾಗಿಲು ನೋಡಿಕೊಂಡು ಕೂರಬೇಕು. ಹಾಗಾಗಿ ಅಜ್ಜಂದಿರು ಲಾಕರಿನಲ್ಲಿ, ಅಪ್ಪಂದಿರು ಭಾನುವಾರವೂ ಕೈಗೆ ಸಿಗುವ ಜಾಗದಲ್ಲಿ.

ಲಾಕರಿಗಿಂತ ನನಗೆ ಹಿಡಿಸಿದ್ದು ಮುಯ್ಯಾಳು. ನಾಟಿ ಕಾಲದಲ್ಲಿ ನಮ್ಮ ಗದ್ದೆಗೆ ನೀವು ಬನ್ನಿ, ನಿಮ್ಮ ಗದ್ದೆಗೆ ನಾವು ಬರ್ತೀವಿ ಅನ್ನುತ್ತೇವಲ್ಲ, ಹಾಗೆ. ಎರಡು ಕಾಲೇಜಿನವರು ಒಬ್ಬರ ಟೇಪ್ ಇನ್ನೊಬ್ಬರು ಇಟ್ಟುಕೊಳ್ಳುವುದು. ಬಾಡಿಗೆ ಇಲ್ಲ, ಟೆಂಡರ್ ಇಲ್ಲ. ಒಂದು ಬೀರು, ಎರಡು ಬೀಗ, ಒಂದು ಪುಟದ ಒಪ್ಪಂದ. ತಿಂಗಳಿಗೊಮ್ಮೆ ಯಾರಾದರೂ ಯೂನಿವರ್ಸಿಟಿ ಕೆಲಸಕ್ಕೋ ಪರೀಕ್ಷಾ ಡ್ಯೂಟಿಗೋ ಹೋಗುತ್ತಾರೆ, ಹೋಗುವಾಗ ಹೊಸ ಟೇಪ್, ಬರುವಾಗ ಹಳೆಯದು. ಹೊಸದು ಅಲ್ಲಿ ತಲುಪಿ ಸಹಿ ಬಿದ್ದ ಮೇಲೇ ಹಳೆಯದು ಹೊರಡಬೇಕು. ಎರಡೂ ಒಂದೇ ಬ್ಯಾಗಿನಲ್ಲಿ ಬಸ್ಸಿನಲ್ಲಿ ಕೂತ ಹೊತ್ತು ಇರಲೇಬಾರದು.

ಮುಯ್ಯಿಯಲ್ಲಿ ಗೆಳೆಯರೇ ಆದರೂ ಬೇರೆಯವರ ಬೀರು ಬೇರೆಯವರದ್ದೇ. ಟೇಪಿನಲ್ಲಿ ಮಕ್ಕಳ ಫೋನ್ ನಂಬರ್, ವಿಳಾಸ, ಕೆಲವು ಕಡೆ ಆಧಾರ್ ನಂಬರ್ ಕೂಡ ಇರುತ್ತೆ. 2023ರ ವೈಯಕ್ತಿಕ ಡೇಟಾ ಕಾಯ್ದೆ ಬಂದ ಮೇಲೆ ಬಸ್ಸಿನಲ್ಲಿ ಟೇಪ್ ಮರೆತು ಬಂದೆ ಅಂದರೆ ಯಾರೂ ನಗುವುದಿಲ್ಲ. ಎಲ್‌ಟಿಒ ನಾಲ್ಕನೇ ತಲೆಮಾರಿನಿಂದ ಡ್ರೈವೇ, ಕೀಲಿಪದ ಇಲ್ಲದೆ ಓದಲಾಗದ ಹಾಗೆ, ಎನ್‌ಕ್ರಿಪ್ಟ್ ಮಾಡುತ್ತೆ, ಹಾಕಿಕೊಳ್ಳಿ. ಕೀಲಿಪದವನ್ನು ಮಾತ್ರ ಅದೇ ಸರ್ವರ್‌ನಲ್ಲಿ ಇಡಬೇಡಿ. ಬೀಗದ ಕೈಯನ್ನು ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿದ ಹಾಗಾಗುತ್ತೆ. ಕಾಗದದಲ್ಲಿ ಬರೆದು, ಲಕೋಟೆಗೆ ಅರಗು ಹಾಕಿ, ಪ್ರಾಂಶುಪಾಲರ ಹತ್ತಿರ ಒಂದು, ಲಾಕರಿನಲ್ಲಿ ಒಂದು.

ಈಗ ನಿಮ್ಮ ಸೀಮೆಗೆ ಬರುತ್ತೇನೆ. ಟೇಪ್ ನೋಡಿಕೊಳ್ಳುವುದು ಸಿಸ್ಟಮ್‌ನವರ ಕೆಲಸ ಅಂತ ನೀವು ಅಂದುಕೊಂಡಿದ್ದೀರಿ. ಅಲ್ಲ, ನಮಗಿಂತ ನಿಮಗೇ ಅದು ಚೆನ್ನಾಗಿ ಬರುತ್ತೆ. ನಾವು ಕಂಪ್ಯೂಟರ್‌ನವರು ಒಂದು ವಸ್ತು ಎಲ್ಲಿದೆ, ಯಾರ ಹತ್ತಿರ ಇದೆ, ಯಾವಾಗ ವಾಪಸ್ ಬರಬೇಕು ಅಂತ ಬರೆದಿಡುವುದರಲ್ಲಿ ದಡ್ಡರು. ನೀವು ಅದನ್ನೇ ಮಾಡಿ ಬದುಕುವವರು. ಟೇಪಿಗೂ ಒಂದು ಅಕ್ಸೆಷನ್ ನಂಬರ್ ಕೊಡಿ. ಆ ನಂಬರ್ ಸಾಯುವ ತನಕ ಬದಲಾಗಬಾರದು. ‘ಸೋಮವಾರ’ ಅಂತ ಬರೆಯುವುದು ಪುಸ್ತಕದ ಬೆನ್ನಿಗೆ ‘ನೀಲಿ ಪುಸ್ತಕ’ ಅಂತ ಚೀಟಿ ಅಂಟಿಸಿದ ಹಾಗೆ. ಎಲ್‌ಟಿಒಗೆ ಬಾರ್‌ಕೋಡ್ ಚೀಟಿ ಸಿಗುತ್ತೆ, ಎಂಟು ಅಕ್ಷರ, ಕೊನೆಯ ಎರಡು ತಲೆಮಾರಿನ ಗುರುತು. ಅದಕ್ಕೇ ಅಂತ ಮುಂಭಾಗದಲ್ಲಿ ತಗ್ಗು ಬಿಟ್ಟಿರುತ್ತಾರೆ, ಅಲ್ಲೇ ಅಂಟಿಸಿ. ಮೇಲೆ ಕಾಗದ ಅಂಟಿಸಿದರೆ ಅದು ಡ್ರೈವಿನೊಳಗೆ ಬಿಚ್ಚಿಕೊಳ್ಳುತ್ತೆ.

ಆಮೇಲೆ ಇಶ್ಯೂ, ರಿಟರ್ನ್, ಡ್ಯೂ ಡೇಟ್. ಅಪ್ಪ ನಾಲ್ಕನೇ ನಂಬರ್ ಅರಸೀಕೆರೆಗೆ ಹೋದ ದಿನ, ಒಯ್ದವರ ಸಹಿ, ಬರಬೇಕಾದ ದಿನ. ಮೇನಲ್ಲಿ ಪುಸ್ತಕದ ಜೊತೆ ಟೇಪಿಗೂ ಸ್ಟಾಕ್ ವೆರಿಫಿಕೇಷನ್. ಸವೆದದ್ದನ್ನು ತೆಗೆದುಹಾಕಿ, ರಿಜಿಸ್ಟರಿನಲ್ಲಿ ಬರೆಯಿರಿ. ಈ ರಿಜಿಸ್ಟರ್ ಕಾಗದದ್ದೇ ಆಗಿರಲಿ, ಸರ್ವರ್‌ನಲ್ಲಿ ಇಟ್ಟ ಎಕ್ಸೆಲ್ ಬೇಡ. ಸರ್ವರ್ ಬಿದ್ದ ದಿನವೇ ಅದು ಬೇಕಾಗುವುದು.

ನಮ್ಮ ಅಟೆಂಡರ್ ಒಬ್ಬರಿದ್ದರು, ಹತ್ತನೇ ಕ್ಲಾಸೂ ಮುಗಿಸಿರಲಿಲ್ಲ. ಒಂದು ದಿನ ಬಂದು, ‘ಸರ್, ಗುರುವಾರದ್ದು ಯಾಕೋ ಸದ್ದು ಬೇರೆ ಥರ ಮಾಡ್ತಿದೆ, ಹೋಗಿ ಹೋಗಿ ನಿಲ್ತಿದೆ’ ಅಂದರು. ನಾನು ಮೊದಲು ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ನೋಡಿದರೆ ನೆಟ್‌ವರ್ಕ್ ನಿಧಾನವಾಗಿ, ಡೇಟಾ ಸಾಲದೆ, ಡ್ರೈವ್ ನಿಂತು ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಓಡುತ್ತಿತ್ತು. ಶೂ ಪಾಲಿಶ್ ಮಾಡುವಾಗ ಬಟ್ಟೆ ಆಚೆ ಈಚೆ ಎಳೆಯುತ್ತಾರಲ್ಲ, ಅದೇ ಹೆಸರಿನಿಂದ ಇದನ್ನು ಕರೆಯುತ್ತಾರೆ. ಟೇಪ್ ಬೇಗ ಸವೆಯುತ್ತೆ. ಮೊದಲು ಎಲ್ಲವನ್ನೂ ಡಿಸ್ಕಿಗೆ ಸುರಿದುಕೊಂಡು ಅಲ್ಲಿಂದ ಒಂದೇ ಓಟದಲ್ಲಿ ಟೇಪಿಗೆ ಬರೆಸಿದ ಮೇಲೆ ಸರಿಹೋಯಿತು. ಸಾಫ್ಟ್‌ವೇರ್ ಅವತ್ತೂ ಹಸಿರು ಟಿಕ್ಕೇ ತೋರಿಸಿತ್ತು.

ಅದಕ್ಕೇ ಹಸಿರು ಟಿಕ್ಕನ್ನು ನಾನು ನಂಬುವುದು ಬಿಟ್ಟೆ. ತಿಂಗಳಿಗೊಮ್ಮೆ ಹೊರಗಿರುವ ಟೇಪುಗಳಲ್ಲಿ ಯಾವುದಾದರೂ ಒಂದನ್ನು ಕಣ್ಣು ಮುಚ್ಚಿ ಆರಿಸಿ ತರಿಸುತ್ತೇನೆ. ಮಳೆಗಾಲದಲ್ಲಿ ಬಂದದ್ದನ್ನು ತಕ್ಷಣ ಡ್ರೈವಿಗೆ ಹಾಕುವುದಿಲ್ಲ, ಒಂದು ದಿನ ಆ ಕೋಣೆಯಲ್ಲೇ ಬಿಟ್ಟು ಅಲ್ಲಿನ ಹವೆಗೆ ಹೊಂದಿಕೊಳ್ಳಲು ಬಿಡುತ್ತೇನೆ. ಆಮೇಲೆ ಬೇರೆ ಮೆಷಿನ್ನಿಗೆ ರಿಸ್ಟೋರ್. ಎಷ್ಟು ಶೀರ್ಷಿಕೆ, ಎಷ್ಟು ಪ್ರತಿ, ಎಷ್ಟು ಸದಸ್ಯರು, ಕೊನೆಯ ಅಕ್ಸೆಷನ್ ನಂಬರ್ ಯಾವುದು, ಇಷ್ಟು ರಿಜಿಸ್ಟರಿಗೆ ತಾಳೆಯಾಗಬೇಕು.

ಇನ್ನೂ ಒಂದು, ಇದು ನಮಗೆ ಕನ್ನಡದವರಿಗೇ ಇರುವ ಪರೀಕ್ಷೆ. ಒಂದು ಕನ್ನಡ ಪುಸ್ತಕದ ಹೆಸರು ಹುಡುಕಿ ನೋಡಿ. ಡೇಟಾಬೇಸ್ ನಡೆಸುವ ಸಾಫ್ಟ್‌ವೇರ್ ಆದ ಮೈಎಸ್‌ಕ್ಯುಎಲ್ ಹಳೆಯ ಆವೃತ್ತಿಗಳಲ್ಲಿ, ಅಂದರೆ 2018ರ 8.0ಕ್ಕೆ ಮುಂಚೆ, ನಾವಾಗಿ ಹೇಳದಿದ್ದರೆ ಅಕ್ಷರಗಳನ್ನು ಲ್ಯಾಟಿನ್ ಅಂತಲೇ ತಿಳಿಯುತ್ತಿತ್ತು. ಡಂಪ್ ತೆಗೆಯುವಾಗಲೋ ಇಳಿಸುವಾಗಲೋ ಆ ಒಂದು ಸೆಟ್ಟಿಂಗ್ ತಪ್ಪಿದರೆ ಇಂಗ್ಲಿಷ್ ಪುಸ್ತಕಗಳೆಲ್ಲ ಸರಿಯಾಗಿ ಬರುತ್ತವೆ, ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ವಿಚಿತ್ರ ಲ್ಯಾಟಿನ್ ಅಕ್ಷರ ಬಂದರೆ ಹೆದರಬೇಡಿ, ಅದನ್ನು ಹಿಂದಕ್ಕೆ ತಿರುಗಿಸಬಹುದು. ಪ್ರಶ್ನಾರ್ಥಕ ಬಂದರೆ ಅಲ್ಲಿ ಅಕ್ಷರವೇ ಉಳಿದಿಲ್ಲ. ಎಣಿಕೆ ಮಾತ್ರ ನೋಡಿ ಸರಿಯಾಗಿದೆ ಅಂದುಕೊಂಡರೆ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಎಣಿಕೆ ಸರಿಯಾಗಿಯೇ ಇರುತ್ತೆ.

ಅದಕ್ಕೂ ಹಳೆಯ ಡೇಟಾ ನುಡಿಯಲ್ಲೋ ಬರಹದಲ್ಲೋ ಯೂನಿಕೋಡ್ ಇಲ್ಲದ ಕಾಲದ್ದಾಗಿದ್ದರೆ ಇನ್ನೊಂದು ತಮಾಷೆ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ, ಆ ಫಾಂಟ್ ಹಾಕಿದಾಗ ಮಾತ್ರ ಕನ್ನಡವಾಗಿ ಕಾಣುತ್ತೆ. ಟೇಪ್ ಬಂತು, ಡೇಟಾ ಬಂತು, ಫಾಂಟ್ ಇಲ್ಲ. ಹಾಗಾಗಿ ಟೇಪಿನ ಜೊತೆ ಆ ಫಾಂಟ್, ಲೈಬ್ರರಿ ಸಾಫ್ಟ್‌ವೇರಿನ ಇನ್‌ಸ್ಟಾಲರ್, ಅದರ ಆವೃತ್ತಿ ಸಂಖ್ಯೆ, ಲೈಸೆನ್ಸ್ ಕೀ ಎಲ್ಲ ಹೋಗಬೇಕು. ಡಬ್ಬಿಯಲ್ಲಿ ಒಂದು ಹಾಳೆ ಕನ್ನಡದಲ್ಲಿ ಬರೆದಿಡಿ, ಇದನ್ನು ಹೇಗೆ ಇಳಿಸಬೇಕು ಅಂತ. ನನ್ನ ಹಾಳೆಯನ್ನು ನಾನು ಹೊಸದಾಗಿ ಸೇರಿದ ಹುಡುಗಿಯ ಕೈಗೆ ಕೊಟ್ಟು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತೆ. ಮೂರನೇ ಸಾಲಿನಲ್ಲೇ ನಿಂತುಬಿಟ್ಟಳು. ಯಾವ ಪಾಸ್‌ವರ್ಡ್ ಸರ್ ಅಂದಳು. ಅದು ನನ್ನ ತಲೆಯಲ್ಲಿತ್ತು, ಹಾಳೆಯಲ್ಲಿರಲಿಲ್ಲ.

ಇಷ್ಟು ಹೇಳುವಾಗ ಊಟದ ಕರೆ ಬಂತು. ಆದರೂ ಮೂರು ಪ್ರಶ್ನೆ ಬಂದವು.

ಕ್ಲೌಡ್ ಇರುವಾಗ ಇದೆಲ್ಲ ಯಾಕೆ ಸರ್, ಅಂದರು ಒಬ್ಬರು. ಬರೀ ಡೇಟಾಬೇಸ್ ಡಂಪ್ ಆದರೆ ಖಂಡಿತ ಹಾಕಿ, ಜೊತೆಗಿರಲಿ. ಬೇರೆ ಅಕೌಂಟ್, ಅಳಿಸುವ ಅಧಿಕಾರ ಸರ್ವರ್‌ಗೆ ಇರಬಾರದು, ಓಟಿಪಿ ಗೆಸ್ಟ್ ಫ್ಯಾಕಲ್ಟಿಯ ಸ್ವಂತ ಫೋನಿಗೆ ಹೋಗಬಾರದು. ಆದರೆ ಆ 8 ಟಿಬಿ ಸ್ಕ್ಯಾನ್‌ಗಳನ್ನು 100 ಎಂಬಿಪಿಎಸ್ ಲೈನಿನಲ್ಲಿ ವಾಪಸ್ ಇಳಿಸಲು ಏಳೂವರೆ ದಿನ ಬೇಕು, ಅದೂ ನಡುವೆ ಒಂದು ಸಲವೂ ಲೈನ್ ಹೋಗದಿದ್ದರೆ. ಅರಸೀಕೆರೆಯಿಂದ ಬಸ್ಸು ಅದಕ್ಕಿಂತ ಬೇಗ ಬರುತ್ತೆ.

ಬೈಕಿನಲ್ಲಿ ಒಯ್ಯಬಹುದಾ, ಸ್ಪೀಕರ್ ಹತ್ತಿರ ಇಟ್ಟರೆ ಅಳಿಸಿಹೋಗುತ್ತಾ ಅಂತ ಇನ್ನೊಬ್ಬರು. ಮನೆಯ ಸ್ಪೀಕರಿಗೆ ಅಷ್ಟು ಹೆದರಬೇಕಿಲ್ಲ, ಅಂಟಿಸಿ ಇಡದಿದ್ದರೆ ಸಾಕು. ಹೆದರಬೇಕಾದ್ದು ಬೀಳುವುದಕ್ಕೆ. ಪಟ್ಟಿಯ ತುದಿಯಲ್ಲಿ ಒಂದು ಸಣ್ಣ ಪಿನ್ ಇರುತ್ತೆ, ಡ್ರೈವ್ ಅದನ್ನು ಹಿಡಿದೇ ಎಳೆದುಕೊಳ್ಳುವುದು. ಬಿದ್ದ ಏಟಿಗೆ ಅದು ಜಾರಿದರೆ ಟೇಪ್ ಹೋದ ಹಾಗೆ, ಡ್ರೈವಿಗೂ ಏಟು. ಡಬ್ಬಿಯಲ್ಲಿಟ್ಟು, ಸುತ್ತ ಬಟ್ಟೆ ತುಂಬಿ, ಬೆನ್ನಿನ ಬ್ಯಾಗಿನಲ್ಲಿ ಒಯ್ಯಿರಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ.

ಕೊನೆಗೆ ಹಿಂದಿನ ಸಾಲಿನ ಮೇಡಂ ಒಬ್ಬರು, ನಿಮ್ಮನ್ನು ಕಾಪಾಡಿದ ಆ ಮಾರ್ಚ್ 31ರ ಟೇಪ್ ಈಗ ಎಲ್ಲಿದೆ ಅಂತ ಕೇಳಿದರು. ನನ್ನ ಟೇಬಲ್ಲಿನ ಡ್ರಾಯರಿನಲ್ಲೇ ಇದೆ. ಅದನ್ನು ಓದುವ ಡ್ರೈವ್ ಹಳೆಯ ಸರ್ವರ್ ಜೊತೆ ಗುಜರಿಗೆ ಹೋಯಿತು, ಅವತ್ತು ನಾನು ರಜೆಯಲ್ಲಿದ್ದೆ. ರಿಜಿಸ್ಟರಿನಲ್ಲಿ ಅದರ ನಂಬರ್ ಮುಂದೆ ಕೆಂಪು ಇಂಕಿನಲ್ಲಿ ‘ಓದಲು ಯಂತ್ರ ಇಲ್ಲ’ ಅಂತ ಬರೆದಿದ್ದೇನೆ. ಬಿಸಾಡಿಲ್ಲ.